ಓದುಗರ ಸ್ಪಂದನ: ‘ಮನಮುಟ್ಟುವ ಅಭಿನಯ’ ಬಿಟ್ಟು ಬೇರೇನು ಬರೆಯಲಿ?

ಕಳೆದ ಸಂಚಿಕೆಯ ಪ್ರಶ್ನೆ: ನಾನು ಡೊಂಬಿವಲಿಯವಳು, ಬ್ಯಾಂಕ್ ಉದ್ಯೋಗಿ. ನಾಟಕ, ಯಕ್ಷಗಾನ, ಸಂಗೀತ ಅಂದರೆ ಜೀವ. ಪತ್ರಿಕೆಯೊಂದಕ್ಕೆ ಆಗಾಗ ಬರೆದು ಕಳಿಸುತ್ತೇನೆ. ಅಚ್ಚಾಗುವಾಗ ದೀಪ ಬೆಳಗಿದವರು, ಸನ್ಮಾನಿತರು, ವಂದನಾರ್ಪಣೆಯವರು ಉಳಿದಿರುತ್ತಾರೆ. ಆಟದ (ಪ್ರದರ್ಶನದ) ಬಗ್ಗೆ ಬರೆದದ್ದು ಹಾರಿಹೋಗಿರುತ್ತದೆ. ಅದರಲ್ಲೂ ‘ಮನಮುಟ್ಟುವ ಅಭಿನಯ’, ‘ರಸದೌತಣ’ ಬಿಟ್ಟರೆ ನನಗೆ ಬೇರೆ ಹೊಳೆಯುವುದಿಲ್ಲ. ಒಮ್ಮೆ ‘ಮಾತು ತುಸು ಉದ್ದವಾಯಿತು’ ಎಂದು ಬರೆದದ್ದಕ್ಕೆ ಆ ವೇಷಧಾರಿಯ ಮನೆಯವರು ಮಾತು ಬಿಟ್ಟಿದ್ದಾರೆ. ಇದನ್ನೆಲ್ಲ ಕಲಿಯುವುದು ಹೇಗೆ? ಕೋರ್ಸ್ ಸೇರಲೇ?

*

ತಂಗೀ, ನೀವು ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಬಂದದ್ದುಂಟಾ? ಇಲ್ಲಿ ವರದಿ ಬರೆಯುವವರು ಹೆಚ್ಚಿನವರು ಸಭಾ ಕಾರ್ಯಕ್ರಮದ ಹೊತ್ತಿಗೆ ಬರುತ್ತಾರೆ, ಫೋಟೋ ಆದದ್ದೇ ಲೋಕಲ್ ಹಿಡಿಯಲು ಓಡುತ್ತಾರೆ. ವೇಷ ಕಟ್ಟುವುದನ್ನು ನೋಡದವರಿಗೆ ವೇಷದ ಬಗ್ಗೆ ಬರೆಯಲು ಏನು ಸಿಗುತ್ತದೆ ಹೇಳಿ.

ಮೇ ಕೊನೆಯ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದಲ್ಲಿ ಊರಿನ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರಲ್ಲ, ಆಗ ನೋಡಿ. ಊರಲ್ಲಿ ಬೆಳಗಿನವರೆಗೆ ಆಡುವ ಪ್ರಸಂಗ ಇಲ್ಲಿ ಮೂರು ಗಂಟೆಗೆ ಇಳಿಯುತ್ತದೆ, ಹಾಲ್ ಬಿಟ್ಟುಕೊಡಬೇಕು. ಏನನ್ನು ಕತ್ತರಿಸಿದರು? ವೇಷಗಳ ಮೊದಲ ಪ್ರವೇಶದ ಒಡ್ಡೋಲಗ ಇತ್ತೇ? ಯಾವ ಪದ್ಯ ಹಾರಿಸಿದರು? ಹಾರಿಸಿದ್ದರಿಂದ ಕಥೆ ಓಡಿತೋ, ಎಡವಿತೋ? ಇಷ್ಟಕ್ಕೇ ಒಂದು ಲೇಖನ ಆಗುತ್ತದೆ. ಇದನ್ನು ಬರೆದವರನ್ನು ನಾನಂತೂ ಕಂಡಿಲ್ಲ.

ಇನ್ನು ಮಾತು. ಪದ್ಯ ಕವಿ ಬರೆದಿಟ್ಟದ್ದು, ಅರ್ಥ, ಅಂದರೆ ಆಡುವ ಮಾತು, ವೇಷಧಾರಿಯ ಬಾಯಲ್ಲಿ ಅಲ್ಲೇ ಹುಟ್ಟುವುದು. ಪ್ರಸಂಗದ ಪುಸ್ತಕ ಮೊದಲೇ ಓದಿಕೊಂಡು ಕೂತರೆ, ಕರ್ಣಪರ್ವವೇ ಅನ್ನಿ, ಕರ್ಣ ಆಡಿದ್ದರಲ್ಲಿ ಕವಿಯದ್ದೆಷ್ಟು, ಕಲಾವಿದನದ್ದೆಷ್ಟು ಅಂತ ತಿಳಿಯುತ್ತದೆ. ‘ಮಾತು ಉದ್ದವಾಯಿತು’ ಅಂದಿರಲ್ಲ, ಎಲ್ಲಿ ಉದ್ದವಾಯಿತು? ಸಾರಥಿ ಶಲ್ಯ ರಥ ಬಿಟ್ಟು ಇಳಿದು ಹೋಗಬೇಕಾದ ಹೊತ್ತಿಗೆ ಕರ್ಣ ಇನ್ನೂ ಪೀಠಿಕೆಯಲ್ಲೇ ಇದ್ದಾನೆ, ಶಲ್ಯನ ವೇಷ ಕಾಲು ಬದಲಿಸುತ್ತಾ ನಿಂತಿದೆ, ಭಾಗವತರು ಜಾಗಟೆ ಎತ್ತಿದವರು ಮತ್ತೆ ಕೆಳಗಿಟ್ಟರು. ಇದನ್ನು ಹೀಗೇ ಬರೆಯಿರಿ ಮಾರಾಯ್ರೇ. ಜಾಗಟೆ ಕೆಳಗಿಟ್ಟದ್ದನ್ನು ಸಭೆಯೆಲ್ಲ ನೋಡಿದೆ, ಇಲ್ಲ ಅನ್ನುವ ಹಾಗಿಲ್ಲ. ಮನೆಯವರು ಆಗಲೂ ಮುನಿಸಿಕೊಂಡಾರು, ಅದು ಬೇರೆ.

ಮತ್ತೊಂದು: ತೆಂಕುತಿಟ್ಟಿನ ದಿಗಿಣ (ಹಾರಿ ಸುತ್ತುವುದು) ಬೇರೆ, ಬಡಗುತಿಟ್ಟಿನ ಮಂಡಿ (ಮೊಣಕಾಲೂರಿ ತಿರುಗುವುದು) ಬೇರೆ. ಎರಡನ್ನೂ ‘ಅದ್ಭುತ ನಾಟ್ಯ’ ಅಂತ ಬರೆದರೆ ಚೌಕಿಯಲ್ಲಿ ಓದಿ ನಗುತ್ತಾರೆ.

— ಹಿಮ್ಮೇಳದವರೊಬ್ಬರು, ಮೀರಾ ರೋಡ್

*

ಮಾತು ಬಿಟ್ಟವರನ್ನು ಮುಂದಿನ ಸಲ ಹೊಗಳಿ, ಫೋನ್ ಬರುತ್ತದೆ. ಹೊಗಳುವಾಗಲೂ ಜಾಗ ತೋರಿಸಿ ಹೊಗಳಿ, ಅಷ್ಟೇ.

— ಕುರ್ಲಾದ ಓದುಗ

*

ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇಂಥ ಬರಹಗಳನ್ನು ಕತ್ತರಿಸಿದವನು ನಾನು. ಆ ಕಡೆಯ ಕಥೆ ಹೇಳುತ್ತೇನೆ. ರಾತ್ರಿ ಪುಟ ಕಟ್ಟುವಾಗ ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಬಾಲಕ್ಕೆ. ನಿಮ್ಮ ಬರಹದಲ್ಲಿ ಸಭೆ ಮೊದಲು, ಆಟ ಕೊನೆಗೆ. ಹೋಗುವುದು ಯಾವುದು ನೀವೇ ಹೇಳಿ. ಗಣ್ಯರ ಹೆಸರನ್ನಂತೂ ಬಿಡುವಂತಿಲ್ಲ, ಜಾಹೀರಾತು ಬರುವುದೇ ಅವರಿಂದ.

ಎರಡನ್ನೂ ಬೇರೆ ಮಾಡಿ. ಸಭೆಯ ಸುದ್ದಿ ನೂರು ಪದದಲ್ಲಿ, ಫೋಟೋ ಸಮೇತ ಅದೇ ರಾತ್ರಿ ಕಳಿಸಿ. ವಿಮರ್ಶೆಗೆ ಎಷ್ಟು ಜಾಗ ಕೊಡುತ್ತೀರಿ ಎಂದು ಮೊದಲೇ ಕೇಳಿಕೊಂಡು ಎರಡು ದಿನ ಬಿಟ್ಟು ಬೇರೆ ಶೀರ್ಷಿಕೆಯಲ್ಲಿ ಕಳಿಸಿ. ಹೇಳಬೇಕಾದ್ದನ್ನು ಮೊದಲ ಪ್ಯಾರಾದಲ್ಲೇ ಹೇಳಿ. ಪಾತ್ರ, ಕಲಾವಿದರು, ಮದ್ದಳೆ, ಬೆಳಕು, ಪ್ರಸಾಧನ, ಎಲ್ಲರ ಹೆಸರನ್ನೂ ಆಯೋಜಕರಿಂದ ಬರೆಸಿಕೊಳ್ಳಿ. ಹೆಸರು ತಪ್ಪಾದರೆ ವಿಮರ್ಶೆ ಎಷ್ಟು ಚೆನ್ನಾಗಿದ್ದರೂ ಯಾರೂ ಓದುವುದಿಲ್ಲ, ಹೆಸರನ್ನೇ ಹಿಡಿದು ಜಗ್ಗುತ್ತಾರೆ. ನೀವೇ ಸಮಿತಿಯಲ್ಲಿದ್ದ ಸಂಸ್ಥೆ, ನಿಮಗೆ ಶಾಲು ಹೊದಿಸಿದ ಸಂಸ್ಥೆ, ಇವರ ಕಾರ್ಯಕ್ರಮದ ವಿಮರ್ಶೆಯ ಗೊಡವೆಗೆ ಹೋಗಬೇಡಿ. ಸುದ್ದಿ ಬರೆದು ಸುಮ್ಮನಿರಿ.

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕನ್ನಡ ನಾಟಕ ನೋಡಿದ ಹಾಗೆಯೇ ದಾದರಿನ ಶಿವಾಜಿ ಮಂದಿರದಲ್ಲಿ ಮರಾಠಿ ನಾಟಕವನ್ನೂ ನೋಡಿ, ಆಮೇಲೆ ಮರಾಠಿ ಪತ್ರಿಕೆಯಲ್ಲಿ ಅದರ ವಿಮರ್ಶೆ ಓದಿ. ಅವರು ನೇಪಥ್ಯ (ರಂಗಸಜ್ಜಿಕೆ), ಪ್ರಕಾಶಯೋಜನೆ (ಬೆಳಕು), ಪಾರ್ಶ್ವಸಂಗೀತ (ಹಿನ್ನೆಲೆ ಸಂಗೀತ) ಒಂದನ್ನೂ ಬಿಡುವುದಿಲ್ಲ. ನಮ್ಮವರ ವಿಮರ್ಶೆ ನಟರ ಹೆಸರಿನ ಪಟ್ಟಿಗೆ ಮುಗಿಯುತ್ತದೆ.

— ನಿವೃತ್ತ ಉಪಸಂಪಾದಕ, ಥಾಣೆ

*

ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಟಿಕೆಟ್ ಇಲ್ಲ. ಒಂದೇ ಒಂದು ಚಿತ್ರದ ಮುಂದೆ ಇಪ್ಪತ್ತು ನಿಮಿಷ ನಿಂತು, ಕಂಡದ್ದನ್ನು ಮಾತ್ರ ಬರೆಯಿರಿ: ಬಣ್ಣ ಎಲ್ಲಿ ದಪ್ಪ, ಗೆರೆ ಎಲ್ಲಿ ನಿಂತಿದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು. ‘ಸುಂದರ’ ಎಂಬ ಪದ ಬರಕೂಡದು. ನಾನು ಮಕ್ಕಳಿಗೆ ಮಾಡಿಸುವುದು ಇದನ್ನೇ. ದೊಡ್ಡವರಿಗೆ ಇನ್ನೂ ಕಷ್ಟ.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಇಲ್ಲಿನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತ ಚಿತ್ರಕಾರ ಕೆ.ಕೆ. ಹೆಬ್ಬಾರರು ಲಯ ತಿಳಿಯಲೆಂದು ಕಥಕ್ ಕಲಿತರು. ಕುಣಿಯುವವರನ್ನು ಅವರು ಎಳೆದ ರೇಖೆಗಳಲ್ಲಿ ಅದು ಕಾಣುತ್ತದೆ. ನೀವೂ ಯಾವುದಾದರೂ ಒಂದನ್ನು ಕೈಯಾರೆ, ಕಾಲಾರೆ ಸ್ವಲ್ಪ ಕಲಿಯಿರಿ. ಚೆನ್ನಾಗಿ ಬರಬೇಕೆಂದಿಲ್ಲ. ತಾಳ ಹಾಕಲು ಹೋಗಿ ತಪ್ಪಿದವರಿಗೆ ತಪ್ಪದೆ ಹಾಕುವವರ ಕಷ್ಟ ಗೊತ್ತಾಗುತ್ತದೆ.

— ಚಿತ್ರಕಲಾ ಶಿಕ್ಷಕಿ, ಚೆಂಬೂರು

*

ನೋಡವಾ ತಂಗಿ, ನಾ ಧಾರವಾಡದಾಕಿ, ಮದುವಿ ಆಗಿ ಪುಣೆಗೆ ಬಂದಾಕಿ. ನೀ ಸಂಗೀತದ ಬಗ್ಗೆ ಕೇಳೀದಿ, ಅಷ್ಟು ಹೇಳ್ತೀನಿ.

ಕುಂದಗೋಳದ ಗಾಯಕ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ನಮ್ಮ ಗದಗಿನ ಭೀಮಸೇನ ಜೋಶಿಯವರು 1953ರಾಗ ಇಲ್ಲಿ ಸಂಗೀತದ ಉತ್ಸವ ಶುರು ಮಾಡಿದ್ರು. ಡಿಸೆಂಬರಿನ್ಯಾಗ ನಡೀತದ. ಬಂದು ಕೂಡು. ವೇದಿಕೆ ನೋಡಬ್ಯಾಡ, ಬಾಜೂಕ ಕೂತ ಮುದುಕರ ಕೈ ನೋಡು. ವಿಲಂಬಿತ ಏಕತಾಲ ಅಂದ್ರ ನಿಧಾನದ ತಾಳ, ಹನ್ನೆರಡು ಮಾತ್ರೆ. ಹಾಡವರು ಎಲ್ಲೆಲ್ಲೋ ಅಡ್ಡಾಡಿ ಸಮಕ್ಕ, ಅಂದ್ರ ತಾಳದ ಮೊದಲ ಮಾತ್ರೆಗೆ, ಬಂದ ಕೂಡ್ಲೆ ಅವರ ಕೈ ತೊಡಿ ಮ್ಯಾಲ ಬೀಳ್ತದ. ಒಮ್ಮೊಮ್ಮೆ ಕೈ ಅರ್ಧಕ್ಕ ನಿಲ್ತದ, ಯಾಕಂದ್ರ ಹಾಡವರು ಬೇಕಂತ ತಪ್ಪಿಸಿ ಮುಂದಿನ ಆವರ್ತನಕ್ಕ ಹೋಗಿರ್ತಾರ. ಅಲ್ಲೇ ಅದ ನೋಡು, ಬರಿಯೂದು. ‘ರಸದೌತಣ’ ಅಡಗಿ ಭಟ್ಟರಿಗೆ ಇರಲಿ.

ರಾಗ ಯಾವುದಂತ ತಿಳೀಲಿಲ್ಲಂದ್ರ ತಿಳಿದವರಂಗ ಬರೀಬ್ಯಾಡ. ಹಾಡವರನ್ನ ಕೇಳಾಕ ಸಂಕೋಚ ಆದ್ರ ಪೇಟಿ (ಹಾರ್ಮೋನಿಯಂ) ಬಾರಿಸೋರನ್ನ ಕೇಳು, ಬಂದಿಶ್ (ಹಾಡಿನ ಸಾಲು) ಸಮೇತ ಹೇಳ್ತಾರ.

ಕೋರ್ಸ್ ಅಂದಿ. ಸಿನೆಮಾದ ಹುಚ್ಚಿದ್ರ ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರು, ಫಿಲ್ಮ್ ಆರ್ಕೈವ್‌ನವರು ಕೂಡಿ ಸಿನೆಮಾ ನೋಡೂದನ್ನ ಕಲಸ್ತಾ ಬಂದಾರ, ಅದಕ್ಕ ಅರ್ಜಿ ಹಾಕು. ಬ್ಯಾಂಕಿನ್ಯಾಗ ರಜಾ ಉಳಿಸಿಕೋಬೇಕಾಗ್ತದ. ಉಳಿದದ್ದಕ್ಕೆಲ್ಲ ಕೋರ್ಸ್ ಬ್ಯಾಡ, ಡಿಸೆಂಬರಿಗೆ ಬಾ, ನಮ್ಮನಿಯಾಗ ಇಳಕೋ.

— ಧಾರವಾಡದಾಕಿ, ಪುಣೆ