ಹಳೆಯ ಕೆರೆಯ ಕೋಡಿಯನ್ನು ಎತ್ತರಿಸಬಹುದೇ?

ಪ್ರಶ್ನೆ: ಸೋಮವಾರಪೇಟೆ ಕಡೆಯ ಬೆಳೆಗಾರ

ನಮಸ್ಕಾರ. ನಮ್ಮೂರಿನಲ್ಲಿ ಎರಡು ಗುಡ್ಡಗಳ ನಡುವಿನ ತೊರೆಗೆ ಮಣ್ಣಿನ ಏರಿ ಹಾಕಿ ಹಿರಿಯರು ಕಟ್ಟಿದ ಚಿಕ್ಕ ಕೆರೆಯೊಂದಿದೆ. ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬಿನ ಎರಡು ಕಲ್ಲುಕಂಬಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಅಡ್ಡಗಲ್ಲಿನ ರಂಧ್ರದ ಅಂಚು, ಎಷ್ಟೋ ತಲೆಮಾರು ಗೂಟ ಎತ್ತಿ ಇಳಿಸಿದ್ದರಿಂದ, ಒರಳಿನ ಒಳಮೈಯಂತೆ ನುಣುಪಾಗಿದೆ. ಕೆಳಗಿನ ಗದ್ದೆಗಳು ಅರ್ಧದಷ್ಟು ಪಾಳು ಬಿದ್ದಿದ್ದರೂ, ಫೆಬ್ರವರಿ–ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ನೀರು ಹಾಯಿಸಲು ನಮಗೆ ಈ ಕೆರೆಯೇ ಆಧಾರ. ನೀರು ಸಾಲುತ್ತಿಲ್ಲವೆಂದು, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹರಿಯುವ ಕೋಡಿಯನ್ನು ಎರಡಡಿ ಎತ್ತರಿಸುವ ಮಾತು ಊರಿನಲ್ಲಿ ನಡೆದಿದೆ. ಆದರೆ ಏರಿಯ ಹೊರಬುಡದಲ್ಲಿ ನೀರು ಒಸರುತ್ತಿರುವುದರಿಂದ ನನಗೆ ಭಯವಾಗಿದೆ. ಏರಿಯ ಮೇಲಿನ ದೊಡ್ಡ ಮರಗಳನ್ನು ಕಡಿಸಬೇಕೇ ಎಂಬುದನ್ನೂ ತಿಳಿಸಿ.

ಉತ್ತರ 1: ನಿವೃತ್ತ ನೀರಾವರಿ ಇಂಜಿನಿಯರ್

ದಯವಿಟ್ಟು ಕೋಡಿಯನ್ನು ಎತ್ತರಿಸಬೇಡಿ. ಮಣ್ಣಿನ ಏರಿಯು ನೀರಿನ ಭಾರವನ್ನು ತಡೆದೀತು, ಆದರೆ ತನ್ನ ನೆತ್ತಿಯ ಮೇಲೆ ನೀರು ಹರಿದರೆ ಕೆಲವೇ ಗಂಟೆಗಳಲ್ಲಿ ಕೊಚ್ಚಿಹೋಗುತ್ತದೆ. ಕೋಡಿಯ ಮಟ್ಟಕ್ಕೂ ಏರಿಯ ನೆತ್ತಿಗೂ ನಡುವೆ ಹಿರಿಯರು ಬಿಟ್ಟಿರುವ ಅಂತರವು ಅತಿಯಾದ ಮಳೆಗೆಂದೇ ಇರುವುದು; ಕೊಡಗಿನಲ್ಲಿ 2018ರ ಆಗಸ್ಟ್‌ನ ಮಹಾಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಸರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಒಂದು ಗಂಟೆ ಇಡಿ. ತಿಳಿಯಾಗಿದ್ದು, ಪ್ರಮಾಣವೂ ಹೆಚ್ಚದಿದ್ದರೆ ಗಮನಿಸುತ್ತಿದ್ದರೆ ಸಾಕು. ತಳದಲ್ಲಿ ಮಣ್ಣು ಕೂತರೆ ಏರಿಯ ಒಡಲು ಒಳಗಿನಿಂದ ಕರಗುತ್ತಿದೆ ಎಂದೇ ಅರ್ಥ. ಆಗ ತೂಬು ತೆರೆದು ನೀರಿನ ಮಟ್ಟವನ್ನು ನಿಧಾನವಾಗಿ ಇಳಿಸಬೇಕು. ಒಮ್ಮೆಲೇ ಇಳಿಸಿದರೆ ನೆನೆದ ಒಳಮೈ ಜರಿಯುತ್ತದೆ. ಒಸರುವ ಬಾಯಿಗೆ ಜೇಡಿಮಣ್ಣು ಮೆತ್ತಿ ಮುಚ್ಚಬಾರದು, ಏಕೆಂದರೆ ಆ ನೀರು ಬೇರೆಡೆ ದಾರಿ ಮಾಡಿಕೊಳ್ಳುತ್ತದೆ.

ದೊಡ್ಡ ಮರಗಳನ್ನು ಆತುರದಿಂದ ಕಡಿದರೆ ಬೇರುಗಳು ಕೊಳೆತು, ಅವು ಇದ್ದ ಜಾಗವೇ ನೀರಿನ ಸುರಂಗವಾಗುತ್ತದೆ. ಸಸಿಗಳನ್ನು ಮಾತ್ರ ಈಗಲೇ ಬುಡಸಮೇತ ಕಿತ್ತು, ಗುಂಡಿಗಳನ್ನು ಒಳ್ಳೆಯ ಮಣ್ಣಿನಿಂದ ದಮ್ಮಸ್ಸು ಮಾಡಿ ಮುಚ್ಚಿಸಿ. ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರು ಹಾಯುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಸಣ್ಣ ನೀರಾವರಿ ಇಲಾಖೆಗೆ ಅಲೆಯದೆ ಪಂಚಾಯಿತಿಗೇ ಅರ್ಜಿ ಕೊಡಿ.

ಉತ್ತರ 2: ಶನಿವಾರಸಂತೆಯ ಕೃಷಿಕ

ನೀರು ಹೆಚ್ಚಬೇಕಾದರೆ ಹೂಳು ತೆಗೆಸಿ. ಆದರೆ ಜೆಸಿಬಿಯವನಿಗೆ ಕೆಲಸ ಒಪ್ಪಿಸಿ ಮನೆಗೆ ಹೋಗಬೇಡಿ. ನಮ್ಮಲ್ಲಿ ಹಾಗೆ ಮಾಡಿ, ಏರಿಯ ಬುಡದವರೆಗೂ ಅಗೆದು ತಳದ ಜೇಡಿಪದರವನ್ನೇ ಹರಿದುಬಿಟ್ಟರು. ಡಿಸೆಂಬರ್‌ವರೆಗೆ ನಿಲ್ಲುತ್ತಿದ್ದ ನೀರು ಮರುವರ್ಷ ದೀಪಾವಳಿಗೇ ಇಂಗಿತು. ಏರಿಯಿಂದ ಸಾಕಷ್ಟು ದೂರ ಬಿಟ್ಟು, ಕಪ್ಪು ಹೂಳು ಮುಗಿದು ಬಿಗಿಯಾದ ಜೇಡಿ ಕಂಡಲ್ಲಿಗೆ ನಿಲ್ಲಿಸಿ. ಆ ಹೂಳನ್ನು ಗದ್ದೆಗೆ ಹರಡಿದರೆ ಮಣ್ಣಿಗೂ ಒಳ್ಳೆಯದು.

ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಗೌರಿ ಹಬ್ಬದಂದು ಜನ ಇಂದಿಗೂ ಬಾಗಿನ ಅರ್ಪಿಸುತ್ತಾರಲ್ಲ, ನಿಮ್ಮ ಕೆರೆಗೂ ಮಳೆಗೆ ಮೊದಲು ಊರೆಲ್ಲ ಸೇರಿ ಏರಿ ಸವರುವ ಒಂದು ದಿನವನ್ನು ಗೊತ್ತುಮಾಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಲೋಟದಲ್ಲಿ ನೀರು ಹಿಡಿದಿಟ್ಟೆ; ತಳದಲ್ಲಿ ಉಗುರಿನಷ್ಟು ದಪ್ಪ ಕೆಂಪು ಮಣ್ಣು ಕೂತಿದೆ. ಲೋಟವನ್ನು ಹಾಗೆಯೇ ಪಂಚಾಯಿತಿಗೆ ಒಯ್ಯುತ್ತೇನೆ. ತೂಬಿನ ಗೂಟವನ್ನು ಸಂಜೆಯೊಳಗೆ ಸ್ವಲ್ಪ ಎತ್ತಿಸುತ್ತೇವೆ.