ಪದ ಬೇಕು: 'ರೀಬಿಡ್'ಗೆ ಕನ್ನಡದಲ್ಲಿ ಏನು? ನಾಳೆ ಬೆಳಿಗ್ಗೆ ಏಳರೊಳಗೆ

ಡಿಟಿಪಿ ಅಂಗಡಿ, ಸಂಜೆ 4.10

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕಿದೆ.

ನಮ್ಮೂರ ನಗರಸಭೆಯಲ್ಲಿ ನಾಳೆ ಹನ್ನೊಂದಕ್ಕೆ ಸಾಮಾನ್ಯ ಸಭೆ. ಬಸ್ ನಿಲ್ದಾಣದಿಂದ ಸಂತೆ ಮೈದಾನದವರೆಗಿನ ರಸ್ತೆ ಅಭಿವೃದ್ಧಿಗೆ ಟೆಂಡರ್ ಕರೆದಿದ್ದರು. ಬಂದದ್ದು ಒಂದೇ ಒಂದು. ಅದೂ ಅಂದಾಜಿಗಿಂತ ಜಾಸ್ತಿ ದರಕ್ಕೆ. ಅದನ್ನೇ ಒಪ್ಪಬೇಕೋ, 'ರೀಬಿಡ್' ಮಾಡಬೇಕೋ ಅಂತ ನಾಳೆ ತೀರ್ಮಾನ. ಆ ರಸ್ತೆಯ ಅಂಗಡಿಯವರಿಗೆಲ್ಲ ರೀಬಿಡ್ಡೇ ಆಗಬೇಕು. ಅವರು ನನಗೆ ಎರಡು ಕೆಲಸ ಕೊಟ್ಟಿದ್ದಾರೆ. ಸಲಹೆಗಾರರ ಇಂಗ್ಲಿಷ್ ವರದಿಯ ಎರಡು ಪುಟವನ್ನು ಕನ್ನಡಕ್ಕೆ ತಂದು ಕರಪತ್ರ ಮಾಡುವುದು, ಜೊತೆಗೆ ಒಂದು ಬಟ್ಟೆ ಬ್ಯಾನರ್.

ಕರಪತ್ರ ಹೇಗೋ ನಡೆಯುತ್ತದೆ. ಬ್ಯಾನರ್ ಕಷ್ಟ. ಆರಡಿ ಬಟ್ಟೆ, ಎರಡು ಸಾಲು. ಬರೆಯುವವರು ಅಕ್ಷರಕ್ಕೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ. ಒತ್ತಕ್ಷರ ಜಾಸ್ತಿ ಇದ್ದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ.

ನನ್ನ ಹಾಳೆಯಲ್ಲಿ ಈಗ ನಾಲ್ಕು ಪದ ಇವೆ. ಮರು ಟೆಂಡರ್, ಪುನರ್ ಟೆಂಡರ್, ಮರುಹರಾಜು, ಮರುಗುತ್ತಿಗೆ. ಕೊನೆಯದು ಕಿವಿಗೆ ಚೆನ್ನಾಗಿದೆ, ಒಂದೇ ಪದ. ಹಾಕಿಬಿಡಲಾ?

ವರದಿಗಾರ, ಬೆಂಗಳೂರು, 4.22

ಮರು ಟೆಂಡರ್. ಪತ್ರಿಕೆಯಲ್ಲಿ ಇಪ್ಪತ್ತು ವರ್ಷದಿಂದ ಅದನ್ನೇ ಬರೆಯುತ್ತಿದ್ದೇನೆ. ಅರ್ಥ ಆಗಲಿಲ್ಲ ಅಂತ ಇವತ್ತಿನವರೆಗೆ ಯಾರೂ ಫೋನ್ ಮಾಡಿಲ್ಲ. ಚರ್ಚೆ ಮುಗಿಯಿತು.

ಮೈಸೂರಿನಿಂದ, 4.40

ಮುಗಿಯಲಿಲ್ಲ. 'ಮರು'ವಿಗೆ 'ಮತ್ತೆ' ಅನ್ನುವುದು ಒಂದೇ ಅರ್ಥವಲ್ಲ. ಮರುದಿನ ಅಂದರೆ ಅದೇ ದಿನ ಮತ್ತೆ ಬರುತ್ತದೆಯೇ? ಮರುಮಾತು ಅಂದರೆ ಆಡಿದ್ದನ್ನೇ ಆಡುವುದೇ? ಹಳಗನ್ನಡದ ಶಕಟರೇಫದ 'ಮಱು'ವಿಗೆ ಇನ್ನೊಂದು, ಮುಂದಿನದು, ಎದುರಿನದು ಅನ್ನುವ ಅರ್ಥಗಳೂ ಇವೆ. ಗೊಂದಲ ಬೇಡವೆಂದರೆ 'ಪುನರ್' ಸರಿ. ಆದರೆ ಬಿಡಿಸಿ ಬರೆಯಬೇಡಿ. ಪುನಶ್ಚೇತನ, ಧನುಷ್ಟಂಕಾರ ಇದ್ದ ಹಾಗೆ ಸಂಧಿ ಮಾಡಿದರೆ ಅದು 'ಪುನಷ್ಟೆಂಡರ್' ಆಗುತ್ತದೆ. ಮರುಹರಾಜು ಹೇಗೂ ಅರಿಸಮಾಸ, ಕೂಡಿಸಬಾರದ ಪದಗಳನ್ನು ಕೂಡಿಸಿದ್ದು, ಅದನ್ನು ಬಿಡಿ.

ವರದಿಗಾರ, ಬೆಂಗಳೂರು, 4.43

ಪುನಷ್ಟೆಂಡರ್! ಬ್ಯಾನರ್ ಬರೆಯುವವರು ಕುಂಚ ಅಲ್ಲೇ ಎಸೆದು ಮನೆಗೆ ಹೋಗುತ್ತಾರೆ.

ಅಚ್ಚಗನ್ನಡಿಗ, 5.05

ಬೇರನ್ನೇ ನೋಡದೆ ಕೊಂಬೆ ಹಿಡಿದು ಜಗ್ಗುತ್ತಿದ್ದೀರಿ. ಟೆಂಡರ್ ಅನ್ನುವುದರ ಬೇರು ಲ್ಯಾಟಿನ್ನಿನ 'ತೆಂದೆರೆ'. ಹಾಗೆಂದರೆ ಚಾಚು, ಮುಂದಕ್ಕೆ ಹಿಡಿ. ಕನ್ನಡದಲ್ಲಿ ಅದಕ್ಕೆ ಸರಿಸಾಟಿಯಾದ ಮಾತು ಇದೆ, ಒಡ್ಡು. ಕೈ ಒಡ್ಡು, ಎದೆ ಒಡ್ಡು. ಟೆಂಡರಿಗೆ 'ಒಡ್ಡಿಕೆ' ಅನ್ನಿ. ಮರು, ಉತ್ತರ ಸೇರಿ ಮಾರುತ್ತರ ಆಗುವ ಹಾಗೆ ರೀಬಿಡ್ 'ಮಾರೊಡ್ಡಿಕೆ' ಆಗುತ್ತದೆ. ಹನ್ನೆರಡು ವರ್ಷದಿಂದ ಈ ಮಿಂಚಂಚೆ ಪಟ್ಟಿಯಲ್ಲಿ ಇದನ್ನೇ ಹೇಳುತ್ತಿದ್ದೇನೆ. ಹಾಗೆಯೇ 'ರಸ್ತೆ ಅಭಿವೃದ್ಧಿ'ಯ ಬದಲು 'ಬೀದಿ ಏಳಿಗೆ' ಅಂತ ಹಾಕಿ. ರಸ್ತೆ ಪಾರಸಿಯದು, ಅಭಿವೃದ್ಧಿ ಸಂಸ್ಕೃತದ್ದು. ಎರಡೂ ನಮಗೆ ಬೇಡ.

ಧಾರವಾಡದಿಂದ, 5.21

ಸರ್, ನಮ್ಮ ಕಡೆ ಒಡ್ಡು ಅಂದರೆ ಹೊಲದ ಬದು. ನೀರು ನಿಲ್ಲಲಿ ಅಂತ ಮಣ್ಣು ಏರಿಸಿ ಹಾಕುವುದು. 'ಬೀದಿ ಏಳಿಗೆಗೆ ಮಾರೊಡ್ಡಿಕೆ' ಅಂತ ಬ್ಯಾನರ್ ಕಟ್ಟಿದರೆ ರಸ್ತೆಗೆ ಇನ್ನೊಂದು ಸಲ ಅಡ್ಡಗಟ್ಟು ಹಾಕುತ್ತಾರೆ ಅಂತ ಜನ ಬೇರೆ ದಾರಿ ಹಿಡಿಯುತ್ತಾರೆ. ಹರಾಜಿಗೆ ನಮ್ಮಲ್ಲಿ 'ಲಿಲಾವು' ಅಂತಾರೆ, ಮಂದಿಗೆ ತಿಳಿಯುತ್ತದೆ.

ಮೈಸೂರಿನಿಂದ, 5.26

ಅಚ್ಚಗನ್ನಡದವರಿಗೆ ಒಂದು ಮಾತು. ನಿಮ್ಮ 'ಬೀದಿ' ಸಂಸ್ಕೃತದ 'ವೀಥಿ'.

ಅಚ್ಚಗನ್ನಡಿಗ, 5.28

ತದ್ಭವ ನಮ್ಮದೇ. ಬಾಯಿ ನಮ್ಮದಾದ ಮೇಲೆ ಪದವೂ ನಮ್ಮದು.

ಮಂಗಳೂರಿನಿಂದ, 5.50

ಲಿಲಾವು ಇಲ್ಲಿಗೆ ಹೊಂದುವುದಿಲ್ಲ ಮಾರಾಯ್ರೇ. ಬಂದರಿನ ಧಕ್ಕೆಯಲ್ಲಿ ಮೀನು ಏಲಂ ಹಾಕುವುದನ್ನು ನೋಡಿದ್ದೀರಾ? ಬುಟ್ಟಿ ಕೆಳಗಿಟ್ಟ ಕೂಡಲೇ ಸುತ್ತ ನಿಂತವರು ಕೂಗಲಿಕ್ಕೆ ಶುರು ಮಾಡುತ್ತಾರೆ. ರೇಟು ಮೇಲೆ ಹೋಗುತ್ತದೆ, ಕೊನೆಗೆ ಜಾಸ್ತಿ ಕೂಗಿದವರಿಗೆ ಮೀನು. ಎಲ್ಲ ಬಾಯಲ್ಲಿ, ಎಲ್ಲರ ಎದುರಿಗೆ. ರಸ್ತೆ ಟೆಂಡರ್ ಇದಕ್ಕೆ ಉಲ್ಟಾ. ದರ ಬರೆದು ಮುಚ್ಚಿ ಕೊಡಬೇಕು, ಕಡಿಮೆ ಬರೆದವನಿಗೆ ಕೆಲಸ. ಅಲ್ಲಿ ಮಾರುವುದು, ಇಲ್ಲಿ ಮಾಡಿಸುವುದು. ಆದ್ದರಿಂದ ಹರಾಜು, ಲಿಲಾವು, ಏಲಂ ಮೂರೂ ಬೇಡ.

ಅಂದ ಹಾಗೆ ನಮ್ಮ ಏಲಂ, ಧಾರವಾಡದವರ ಲಿಲಾವು ಎರಡೂ ಪೋರ್ಚುಗೀಸರ 'ಲೆಯ್ಲಾಂವ್'ನಿಂದ ಬಂದವು. ಒಂದು ಕರಾವಳಿಯಲ್ಲೇ ಉಳಿಯಿತು, ಇನ್ನೊಂದು ಮರಾಠಿ ಸುತ್ತಿಕೊಂಡು ಘಟ್ಟದ ಮೇಲಿನ ನಿಮ್ಮ ಸಂತೆಗೆ ಬಂತು.

ಧಾರವಾಡದಿಂದ, 6.02

ಬಂದರೆ ಬರಲಿ. ಹರಾಜು ಅರಬ್ಬಿ, ಕಾಮಗಾರಿ ಮರಾಠಿ ಕಡೆಯದು. ಎಲ್ಲವನ್ನೂ ಹೊರಗೆ ಹಾಕಿದರೆ ನಗರಸಭೆಯಲ್ಲಿ ಕುರ್ಚಿಯೂ ಉಳಿಯುವುದಿಲ್ಲ, ಅದೂ ಅರಬ್ಬಿಯೇ. ಇನ್ನು ಮೈಸೂರಿನವರ ಅರಿಸಮಾಸ. ಆ ಸೂತ್ರ ಇರುವುದು ಕನ್ನಡಕ್ಕೂ ಸಂಸ್ಕೃತಕ್ಕೂ. ಹರಾಜು ಯಾವ ಕಾಲಕ್ಕೆ ಸಂಸ್ಕೃತ ಆಯಿತು? ನಿಮ್ಮ ಮೈಸೂರು ಸಂಸ್ಥಾನದ ಕಂದಾಯದ ಲೆಕ್ಕದಲ್ಲೇ 'ಕಾಯಂಗುತ್ತ' ಅಂತ ಬರೆಯುತ್ತಿದ್ದರು. ಅರಬ್ಬಿಯ ಕಾಯಂ, ಕನ್ನಡದ ಗುತ್ತ. ಯಾವ ವ್ಯಾಕರಣದವರೂ ಬಂದು ತಡೆಯಲಿಲ್ಲ.

ಮೈಸೂರಿನಿಂದ, 6.09

ಬಳಕೆಯಲ್ಲಿದ್ದದ್ದೆಲ್ಲ ಸರಿ ಅನ್ನುವವರ ಜೊತೆ ನನಗೆ ಮಾತಿಲ್ಲ. 'ಗುತ್ತ' ಕನ್ನಡವೇ, ಯಾರು ಅಲ್ಲವೆಂದರು? ವಿಜಯನಗರ ಕಾಲದ ಶಾಸನಗಳಲ್ಲಿ 'ಕಟ್ಟುಗುತ್ತಗೆ' ಸಿಗುತ್ತದೆ, ಇಷ್ಟೇ ಅಂತ ಕಟ್ಟಿಟ್ಟ ಗೇಣಿ. ಹಾಗೆ ನೋಡಿದರೆ ಕೇಳಿದವರ ನಾಲ್ಕನೆಯ ಪದ, ಮರುಗುತ್ತಿಗೆ, ಎರಡೂ ಕಡೆಯಿಂದ ಕನ್ನಡ. ಅದನ್ನೇ ಹಾಕಿಕೊಳ್ಳಲಿ.

ಅಚ್ಚಗನ್ನಡಿಗ, 6.15

ಮೊದಲ ಬಾರಿಗೆ ಮೈಸೂರಿನವರ ಜೊತೆ ಒಪ್ಪುತ್ತೇನೆ. ಒಡ್ಡಿಕೆ ಆಗದಿದ್ದರೆ ಮರುಗುತ್ತಿಗೆ.

ಡಿಟಿಪಿ ಅಂಗಡಿ, 7.00

ಎಲ್ಲರಿಗೂ ಧನ್ಯವಾದ. ಹಾಗಾದರೆ 'ಮರುಗುತ್ತಿಗೆ ಕೊಡಿ' ಅಂತ ಬರೆಸುತ್ತೇನೆ. ಬ್ಯಾನರಿನವರು ಬಣ್ಣ ಕಲಸಿಕೊಂಡು ಕೂತಿದ್ದಾರೆ.

ನಿವೃತ್ತ ಎಂಜಿನಿಯರ್, 7.04

ಬೇಡ ಬೇಡ, ನಿಲ್ಲಿಸಿ! ಫೋನಿನಲ್ಲಿ ಬೆರಳು ಓಡುವುದಿಲ್ಲ, ಕಂಪ್ಯೂಟರ್ ಹಚ್ಚಿ ಬರೆಯುತ್ತೇನೆ. ಹತ್ತು ನಿಮಿಷ ಕೊಡಿ.

ನಿವೃತ್ತ ಎಂಜಿನಿಯರ್, 7.25

ನೋಡಮ್ಮ, ನಾನು ಮೂರು ನಗರಸಭೆಗಳಲ್ಲಿ ಟೆಂಡರ್ ಕಡತ ಹಿಡಿದವನು. 'ಮರುಗುತ್ತಿಗೆ ಕೊಡಿ' ಅಂದರೆ ಮೊದಲು ಇದ್ದವನಿಗೇ ಗುತ್ತಿಗೆ ಮತ್ತೆ ಕೊಡಿ ಅಂತ ಓದಿಕೊಳ್ಳುತ್ತಾರೆ. ಸಂತೆ ಸುಂಕದ ಗುತ್ತಿಗೆ ವರ್ಷ ಮುಗಿದ ಮೇಲೆ ಅವನಿಗೇ ಮುಂದುವರಿಸಿದ ಹಾಗೆ. ಅಂಗಡಿಯವರು ಬೇಡ ಅನ್ನುತ್ತಿರುವುದೇ ಅದನ್ನು. ಆ ಒಬ್ಬನೇ ಟೆಂಡರುದಾರ ನಿಮ್ಮ ಬ್ಯಾನರ್ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಾನು.

ಇಲ್ಲಿ ಗುತ್ತಿಗೆ ಅನ್ನುವುದು ಇನ್ನೂ ಹುಟ್ಟೇ ಇಲ್ಲ. ಟೆಂಡರ್ ಒಪ್ಪಿ, ಕರಾರು ಬರೆದು, ಕಾರ್ಯಾದೇಶ ಕೊಟ್ಟ ಮೇಲೆ ಗುತ್ತಿಗೆ. ಅದನ್ನು ಮುರಿದರೆ 'ಗುತ್ತಿಗೆ ರದ್ದು'. ಆಮೇಲೆ ಉಳಿದ ಕೆಲಸಕ್ಕೆ ಕರೆಯುವುದು 'ಬಾಕಿ ಕಾಮಗಾರಿ ಟೆಂಡರ್'. ಅರ್ಧ ಅಗೆದು ಬಿಟ್ಟುಹೋದ ಚರಂಡಿಗಳಿಗೆಲ್ಲ ನಾವು ಕರೆಯುತ್ತಿದ್ದದ್ದು ಅದನ್ನೇ. ನಿಮ್ಮದು ಅದಲ್ಲ. ನಿಮ್ಮದರಲ್ಲಿ ಲಕೋಟೆ ತೆರೆದಿದೆ, ಒಪ್ಪಿಲ್ಲ. ಒಪ್ಪಿಗೆಯ ಆದೇಶಕ್ಕೆ ಮೊದಲು, ಕಾರಣ ಇದ್ದರೆ, ಬಂದ ಟೆಂಡರುಗಳನ್ನೆಲ್ಲ ತಿರಸ್ಕರಿಸಲು 1999ರ ಪಾರದರ್ಶಕತೆ ಅಧಿನಿಯಮದ 14ನೇ ಪ್ರಕರಣದಲ್ಲಿ ಅವಕಾಶ ಇದೆ. ಆದ್ದರಿಂದ ಕರಪತ್ರದಲ್ಲಿ 'ರದ್ದು' ಬರೆಯಬೇಡಿ, 'ತಿರಸ್ಕರಿಸಿ' ಅನ್ನಿ. ನಾಳೆ ಸಭೆಯಲ್ಲಿ ಯಾರಾದರೂ ಇದೇ ಪದ ಹಿಡಿದು ಅರ್ಧ ಗಂಟೆ ತಿನ್ನುತ್ತಾರೆ, ನೋಡುತ್ತಿರಿ.

ಆ ಕಾಯಿದೆಯ ಪೂರ್ತಿ ಹೆಸರನ್ನೂ ಕರಪತ್ರಕ್ಕೆ ತುಂಬಬೇಡಿ. 'ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ'. ಪ್ರೊಕ್ಯೂರ್‌ಮೆಂಟಿಗೆ ಸಂಗ್ರಹಣೆ ಅಂತ ಮಾಡಿದ್ದಾರೆ. ನಾನು ಕೆಲಸಕ್ಕೆ ಇದ್ದಾಗ ಒಬ್ಬ ಹಿರಿಯ ಸದಸ್ಯರು ಇದು ತೆರಿಗೆ ಸಂಗ್ರಹದ ಕಾಯಿದೆ ಅಂತಲೇ ತಿಳಿದು ಎರಡು ಸಭೆ ಮಾತಾಡಿದ್ದರು.

ಈಗ ನಿಮ್ಮ ಪದ. ಅದು ಕಚೇರಿಯ ನೋಟಿಸ್ ಬೋರ್ಡಿನಲ್ಲೇ ಇದೆ. ಟೆಂಡರ್ ಪ್ರಕಟಣೆಯ ತಲೆಬರಹದ ಪಕ್ಕ ನೋಡಿ, '2ನೇ ಕರೆ' ಅಂತ ಹಾಕಿರುತ್ತಾರೆ. ಅಲ್ಲೂ ಯಾರೂ ಬರದಿದ್ದರೆ '3ನೇ ಕರೆ'. ಕೆಲವು ಸಲ 'ಅಲ್ಪಾವಧಿ' ಅಂತಲೂ ಸೇರಿಸುತ್ತಾರೆ. 2000ದ ಮೂಲ ನಿಯಮಗಳಲ್ಲಿ 2 ಕೋಟಿವರೆಗಿನ ಕೆಲಸಕ್ಕೆ 30 ದಿನ, ಅದಕ್ಕೆ ಮೇಲ್ಪಟ್ಟರೆ 60 ದಿನ ಕೊಡಬೇಕು ಅಂತಿತ್ತು. ಅಷ್ಟು ಕೊಡದೆ ಕರೆದರೆ ಅಲ್ಪಾವಧಿ. ಅಂಗಡಿಯವರಿಗೆ ಇದನ್ನೂ ಹೇಳಿ. ಎರಡನೇ ಕರೆಯನ್ನು ಅಲ್ಪಾವಧಿಯಲ್ಲಿ ಕರೆದರೆ ಹೊರಗಿನವರಿಗೆ ತಿಳಿಯುವುದರೊಳಗೆ ಮುಗಿದಿರುತ್ತದೆ. ಮತ್ತೆ ಅದೇ ಒಬ್ಬನೇ ಬಂದಾನು.

ಮಂಗಳೂರಿನಿಂದ, 7.41

ಇದು ಸರಿ! ನೀವೆಲ್ಲ ನಾಮಪದ ಹುಡುಕುತ್ತಾ ಕೂತಿರಿ, ಉತ್ತರ ಕ್ರಿಯಾಪದದಲ್ಲಿ ಇತ್ತು. ಗುತ್ತಿಗೆದಾರ ಟೆಂಡರ್ 'ಹಾಕುತ್ತಾನೆ', ನಗರಸಭೆ ಟೆಂಡರ್ 'ಕರೆಯುತ್ತದೆ'. ಇಂಗ್ಲಿಷಿನಲ್ಲಿ ಇಬ್ಬರಿಗೂ 'ಬಿಡ್' ಒಂದೇ, ಅದಕ್ಕೇ ಇಷ್ಟು ಎಡವಟ್ಟು. ರೀಬಿಡ್ ಅಂದರೆ 'ಮತ್ತೆ ಕರೆಯುವುದು'. ಅಷ್ಟೇ.

ಅಚ್ಚಗನ್ನಡಿಗ, 7.46

'ಕರೆ' ಕನ್ನಡ ಅಂತ ಒಪ್ಪಿದೆ. ಏನನ್ನು ಕರೆಯುವುದು? ಟೆಂಡರನ್ನೇ ಅಲ್ಲವೇ? ನನ್ನ ತಕರಾರು ಹಾಗೇ ಇದೆ.

ವರದಿಗಾರ, ಬೆಂಗಳೂರು, 7.52

ತಕರಾರು ಕೂಡ ಅರಬ್ಬಿ ಸರ್. ಬೆಂಗಳೂರಿಗೆ ಬನ್ನಿ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳನ್ನು ಅಗೆದು ಅಗಲ ಫುಟ್‌ಪಾತ್ ಮಾಡಿದ ಯೋಜನೆಯ ಹೆಸರೇ 'ಟೆಂಡರ್ ಶ್ಯೂರ್'. ಆಟೋದವರು ಅದನ್ನು ರಸ್ತೆಯ ಜಾತಿ ಅಂತಲೇ ತಿಳಿದಿದ್ದಾರೆ. 'ಇದು ಟೆಂಡರ್ ಶ್ಯೂರ್ ರೋಡ್ ಸರ್, ಇಲ್ಲಿ ನಿಲ್ಲಿಸೋಕಾಗಲ್ಲ' ಅಂತಾರೆ. ಪದ ಕಾಂಕ್ರೀಟಿನಲ್ಲಿ ಕೂತಾಗಿದೆ. ಇನ್ನು ಕಿತ್ತು ನೋಡಿ.

ಮೈಸೂರಿನಿಂದ, 8.10

ಕಾಂಕ್ರೀಟನ್ನೂ ಕೀಳುತ್ತಾರೆ, ಬೆಂಗಳೂರಿನಲ್ಲಿ ಅದೇ ಕೆಲಸ. ನಮ್ಮಲ್ಲಿ ನಗರದ ಅಭಿವೃದ್ಧಿಗೆ 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂದಿತ್ತು. ಹಳಬರು ಈಗಲೂ ಸಿಐಟಿಬಿ ಅನ್ನುತ್ತಾರೆ. ಹಾಗಂತ 'ಅಭಿವೃದ್ಧಿ' ಅನ್ನುವ ಪದ ಸತ್ತಿತೇ? ಕಾಯುವ ತಾಳ್ಮೆ ಬೇಕು.

ಡಿಟಿಪಿ ಅಂಗಡಿ, ಮರುದಿನ ಮಧ್ಯಾಹ್ನ 2.30

(ಮರುದಿನ ಅಂದರೆ ಮುಂದಿನ ದಿನ, ಮೈಸೂರಿನವರು ಕ್ಷಮಿಸಬೇಕು.)

ಎಂಜಿನಿಯರ್ ಸರ್, ದೊಡ್ಡ ಉಪಕಾರ ಆಯಿತು. ಕರಪತ್ರದಲ್ಲಿ 'ತಿರಸ್ಕರಿಸಿ, ಎರಡನೇ ಕರೆ ಹೊರಡಿಸಿ' ಅಂತಲೇ ಹಾಕಿದೆ. ಬ್ಯಾನರಿಗೆ ಮಾತ್ರ ಅಂಗಡಿಯವರು 'ಎರಡನೇ ಕರೆ' ಒಪ್ಪಲಿಲ್ಲ. ಮಿಸ್ಡ್ ಕಾಲ್ ಇದ್ದ ಹಾಗಿದೆ ಅಂದರು. ಕೊನೆಗೆ ಎರಡು ಸಾಲು ಹೀಗೆ ಬಂತು:

ಈ ಟೆಂಡರು ಬೇಡ
ಮತ್ತೆ ಕರೆಯಿರಿ

ನಾನು 'ಟೆಂಡರ್' ಅಂತ ಬರೆದುಕೊಟ್ಟಿದ್ದೆ. ಬರೆಯುವವರು ಕೇಳಲಿಲ್ಲ. 'ರ್' ಬರೆದರೆ ಆ ಬಾಲ ಮೇಲೆದ್ದು 'ಬೇಡ'ಕ್ಕೆ ಹೊಡೆಯುತ್ತದೆ, 'ರು' ಆದರೆ ಮಟ್ಟಸವಾಗಿ ಕೂರುತ್ತದೆ ಅಂದರು. ಅಕ್ಷರದ ಲೆಕ್ಕ ಎರಡಕ್ಕೂ ಒಂದೇ. ಸಭೆಯಲ್ಲಿ ವಿಷಯ ಮುಂದಿನ ತಿಂಗಳಿಗೆ ಹೋಗಿದೆ. ಎಂಜಿನಿಯರ್ ಸರ್ ಹೇಳಿದ ಹಾಗೆಯೇ 'ರದ್ದೋ ತಿರಸ್ಕಾರವೋ' ಅಂತ ಮುಕ್ಕಾಲು ಗಂಟೆ ಜಗಳ ಆಯಿತಂತೆ. ಬ್ಯಾನರ್ ಬಿಚ್ಚಿಲ್ಲ.

ಅಚ್ಚಗನ್ನಡಿಗ, 2.41

ಬರೆಯುವವರಿಗೆ ನನ್ನ ನಮಸ್ಕಾರ ತಿಳಿಸಿ. ಟೆಂಡರು ಸರಿ. ಕಾರು, ಬಸ್ಸು, ಟೆಂಡರು. ಕೊನೆಗೆ ಉಕಾರ ಬಂದರೆ ಪದ ನಮ್ಮ ಬಾಯಿಗೆ ಹೊಂದುತ್ತದೆ.

ನಿವೃತ್ತ ಎಂಜಿನಿಯರ್, 2.50

ಕಾಯಿದೆಯ ಕನ್ನಡದಲ್ಲೂ ಟೆಂಡರು ಅಂತಲೇ ಇದೆ.

ವರದಿಗಾರ, ಬೆಂಗಳೂರು, 2.55

ಟೆಂಡರು ನಮ್ಮ ಬಾಯಿಯದೇ ಆಗಿದ್ದರೆ ನಿನ್ನೆ ಎಲ್ಲರ ತಲೆಗೆ ಒಡ್ಡಿಕೆ ಹಾಕಿದ್ದು ಯಾಕೆ ಸ್ವಾಮಿ? ಅದಿರಲಿ. ನಮ್ಮ ಪತ್ರಿಕೆಯಲ್ಲಿ 'ಟೆಂಡರ್'. ಉಕಾರ ಇಲ್ಲ.

ಮೈಸೂರಿನಿಂದ, 3.02

ಉಕಾರ ಬೇಕು. ಬಸ್ಸಿಗೆ ದ್ವಿತ್ವ ಬಂದು ಟೆಂಡರಿಗೆ ಯಾಕೆ ಬರುವುದಿಲ್ಲ ಅನ್ನುವುದನ್ನು ರಾತ್ರಿ ವಿವರವಾಗಿ ಬರೆಯುತ್ತೇನೆ.

ಡಿಟಿಪಿ ಅಂಗಡಿ, 3.04

ಅದಕ್ಕೆ ದಯವಿಟ್ಟು ಬೇರೆ ವಿಷಯದ ಸಾಲು ಹಾಕಿ ಸರ್. ನನಗೆ ಮದುವೆ ಕಾರ್ಡಿನ ಕೆಲಸ ಇದೆ.