ಸಹಾಯ ಬೇಕು: ಅವಳಿ ಹಸುಳೆಗಳೊಂದಿಗೆ ಅಂತ್ಯಕ್ರಿಯೆಗೆ ಪ್ರಯಾಣ

ನನ್ನ ಅಜ್ಜಿ ತೀರಿಕೊಂಡಿದ್ದು, ಅಂತ್ಯಕ್ರಿಯೆಗೆ ನಾನೂ ಪತಿಯೂ ನಮ್ಮ ಐದು ತಿಂಗಳ ಅವಳಿ ಮಕ್ಕಳೊಂದಿಗೆ ನಾಳೆ ಬೆಳಗ್ಗೆ ವಿಮಾನದಲ್ಲಿ ಹೊರಡಬೇಕಾಗಿದೆ. ಒಬ್ಬರ ಮಡಿಲಲ್ಲಿ ಒಂದೇ ಮಗುವಿಗೆ ಅವಕಾಶ. ಅದರ ಮೇಲೆ, ಪ್ರತಿ ಸಾಲಿನಲ್ಲಿ ಒಂದು ಬದಿಯ ಆಸನಗಳಿಗೆ ಹೆಚ್ಚುವರಿ ಆಕ್ಸಿಜನ್ ಮಾಸ್ಕ್ ಸಾಮಾನ್ಯವಾಗಿ ಒಂದೇ ಇರುವುದರಿಂದ ನಾವಿಬ್ಬರೂ ಅಕ್ಕಪಕ್ಕ ಕೂರುವಂತಿಲ್ಲ. ವಿಮಾನ ಏರುವಾಗ, ಇಳಿಯುವಾಗ ಹಾಲು ಕುಡಿಸಿದರೆ ಮಕ್ಕಳಿಗೆ ಕಿವಿನೋವು ಕಡಿಮೆ ಎಂಬುದನ್ನು ಬಲ್ಲೆ. ಆದರೆ ಇಬ್ಬರಿಗೂ ಎದೆಹಾಲೇ ಬೇಕು, ಬಾಟಲಿಯ ನಿಪ್ಪಲ್ ಬಾಯಿಗಿಟ್ಟರೆ ನಾಲಿಗೆಯಿಂದ ಹೊರದಬ್ಬುತ್ತಾರೆ. ಹಾಗಿರುವಾಗ ಪತಿಯ ಮಡಿಲಿನಲ್ಲಿರುವ ಮಗುವನ್ನು ಆ ಹೊತ್ತಿನಲ್ಲಿ ಸಂಭಾಳಿಸುವುದು ಹೇಗೆ? ಇನ್ನೊಂದು ವಿಷಯ: ಅಲ್ಲಿ ಸೇರುವ ಬಂಧುಗಳೆಲ್ಲ ಮಕ್ಕಳನ್ನು ಎತ್ತಿಕೊಳ್ಳಲು ಬಯಸುವುದು ಸಹಜವೇ ಆದರೂ, ಲಸಿಕೆಗಳು ಇನ್ನೂ ಪೂರ್ಣಗೊಂಡಿಲ್ಲವಾದ್ದರಿಂದ, ದುಃಖದಲ್ಲಿರುವವರ ಮನಸ್ಸು ನೋಯದಂತೆ ಬೇಡವೆನ್ನುವುದು ಹೇಗೆಂದು ತೋಚುತ್ತಿಲ್ಲ. ಅನುಭವವಿರುವವರು ಇಂದು ರಾತ್ರಿಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.